ಪ್ರೌಢಶಾಲೆಗಳ ಫಲಿತಾಂಶ ಹೋಲಿಕೆ: ಶೇಕಡಾವಾರು ಅಂಕಿಯನ್ನು ಓದುವ ಬಗೆ

(ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹಾಗೂ ಗ್ರಾಮ ಪಂಚಾಯತಿಗಳ ಗಮನಕ್ಕೆ)

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ಶಾಲೆಗಳನ್ನು ಶೇಕಡಾವಾರು ಕ್ರಮದಲ್ಲಿ ಪಟ್ಟಿ ಮಾಡುವುದು ರೂಢಿಯಲ್ಲಿದೆ. ಪಟ್ಟಿಯ ಮೇಲಿನ ಶಾಲೆಗೆ ಸನ್ಮಾನ, ಕೆಳಗಿನ ಶಾಲೆಗೆ ಆಕ್ಷೇಪಣೆ ಸಲ್ಲುತ್ತವೆ. ಆದರೆ ಈ ಒಂದೇ ಅಂಕಿಯಿಂದ ಶಾಲೆಯ ಬೋಧನೆಯ ಗುಣಮಟ್ಟವನ್ನು ನಿರ್ಣಯಿಸಲಾಗದು. ಹೋಲಿಕೆ ಮಾಡುವಾಗ ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯ.

1. ವಿದ್ಯಾರ್ಥಿಗಳ ಸಂಖ್ಯೆ: ಹತ್ತು ವಿದ್ಯಾರ್ಥಿಗಳಿರುವ ಶಾಲೆಯಲ್ಲಿ ಒಬ್ಬರು ಅನುತ್ತೀರ್ಣರಾದರೆ ಫಲಿತಾಂಶ ಶೇ. 10ರಷ್ಟು ಕುಸಿಯುತ್ತದೆ, ನೂರು ವಿದ್ಯಾರ್ಥಿಗಳಿರುವಲ್ಲಿ ಶೇ. 1ರಷ್ಟು ಮಾತ್ರ. ಆದ್ದರಿಂದ ಚಿಕ್ಕ ಶಾಲೆಗಳ ವಿಷಯದಲ್ಲಿ ಕನಿಷ್ಠ ಮೂರು ವರ್ಷಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡುವುದು ಸೂಕ್ತ.

2. ಪರೀಕ್ಷೆಗೆ ಕುಳಿತವರು ಯಾರು: ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಉದಾಹರಣೆಗೆ, ಎರಡು ಶಾಲೆಗಳಲ್ಲಿ ಎಂಟನೆಯ ತರಗತಿಗೆ ತಲಾ 50 ಮಕ್ಕಳು ದಾಖಲಾದರೆಂದು ಭಾವಿಸೋಣ. ಮೊದಲ ಶಾಲೆಯಲ್ಲಿ 40 ಮಕ್ಕಳು ಪರೀಕ್ಷೆ ಬರೆದು 36 ಮಂದಿ ಉತ್ತೀರ್ಣರಾದರೆ ಫಲಿತಾಂಶ ಶೇ. 90. ಎರಡನೆಯದರಲ್ಲಿ 48 ಮಕ್ಕಳು ಬರೆದು 40 ಮಂದಿ ಉತ್ತೀರ್ಣರಾದರೆ ಶೇ. 83. ಪಟ್ಟಿಯಲ್ಲಿ ಮೊದಲನೆಯದೇ ಮುಂದು. ಆದರೆ ದಾಖಲಾದ ಮಕ್ಕಳನ್ನು ಲೆಕ್ಕಕ್ಕೆ ಹಿಡಿದರೆ ಮೊದಲನೆಯದು ಶೇ. 72, ಎರಡನೆಯದು ಶೇ. 80. ದುಡಿಮೆಗಾಗಿ ಕುಟುಂಬಗಳು ಗುಳೆ ಹೋಗುವ ಗ್ರಾಮಗಳಲ್ಲಿ ಈ ವ್ಯತ್ಯಾಸ ಹೆಚ್ಚು ಕಾಣಬಹುದು. ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆ ಸೇರಿದವರನ್ನು ಮಾತ್ರ ಪ್ರತ್ಯೇಕವಾಗಿ ತೋರಿಸತಕ್ಕದ್ದು. ಫಲಿತಾಂಶ ಹೆಚ್ಚಿಸುವ ಸಲುವಾಗಿ ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಪರೀಕ್ಷೆಯಿಂದ ದೂರವಿಡುವುದು ಶಾಲೆಯ ಸಾಧನೆಯಲ್ಲ, ಆ ಮಗುವಿಗೆ ಆದ ನಷ್ಟ.

3. ಆರಂಭದ ಕಲಿಕಾ ಮಟ್ಟ: ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ 2024ರಲ್ಲಿ 625ಕ್ಕೆ 625 ಅಂಕ ಗಳಿಸಿ ರಾಜ್ಯಕ್ಕೆ ಪ್ರಥಮರಾದದ್ದು ಜಿಲ್ಲೆಗೆ ಹೆಮ್ಮೆಯ ಸಂಗತಿ. ಆದರೆ ಇಂತಹ ವಸತಿ ಶಾಲೆಗಳು ಪ್ರವೇಶ ಪರೀಕ್ಷೆಯ ಮೂಲಕ ಆರನೆಯ ತರಗತಿಗೆ ಮಕ್ಕಳನ್ನು ಆಯ್ದುಕೊಳ್ಳುತ್ತವೆ. ಕಲಾದಗಿ ಭಾಗದ ಹಳ್ಳಿಯ ಅಥವಾ ಇಳಕಲ್ಲಿನ ನೇಕಾರ ಓಣಿಯ ಸರ್ಕಾರಿ ಶಾಲೆಯು ಬಂದ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳಬೇಕು. ಎಂಟನೆಯ ತರಗತಿಯ ಸೇತುಬಂಧ ಪರೀಕ್ಷೆಯಲ್ಲಿ ಮಕ್ಕಳು ಎಲ್ಲಿದ್ದರು, ಹತ್ತನೆಯ ತರಗತಿಯ ಹೊತ್ತಿಗೆ ಎಲ್ಲಿಗೆ ತಲುಪಿದರು ಎಂಬುದೇ ಶಾಲೆಯ ನಿಜವಾದ ಕೊಡುಗೆ.

4. ವರ್ಷದಿಂದ ವರ್ಷಕ್ಕೆ ಹೋಲಿಕೆ: 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2024ರ ಪರೀಕ್ಷೆ-1ರಲ್ಲಿ ಶೇ. 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ನಿಗಾ ಜಾರಿಗೆ ಬಂದಿತ್ತು. ಕೃಪಾಂಕದ ಮಿತಿಯನ್ನೂ ಶೇ. 10ರಿಂದ 20ಕ್ಕೆ ಹೆಚ್ಚಿಸಲಾಗಿತ್ತು. ನಿಯಮ ಬದಲಾದ ವರ್ಷದ ಇಳಿಕೆಯನ್ನು ಶಿಕ್ಷಕರ ಲೋಪವೆಂದೇ ತಿಳಿಯಬಾರದು. ರಾಜ್ಯದ ಸರಾಸರಿಗಿಂತ ಶಾಲೆ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದನ್ನು ಆಯಾ ವರ್ಷವೇ ನೋಡತಕ್ಕದ್ದು.

5. ವಿಷಯವಾರು ವಿಶ್ಲೇಷಣೆ: ಒಟ್ಟು ಫಲಿತಾಂಶ ಕಡಿಮೆಯಿದ್ದರೆ ಯಾವ ವಿಷಯದಲ್ಲಿ ಹೆಚ್ಚು ಮಕ್ಕಳು ಅನುತ್ತೀರ್ಣರಾಗಿದ್ದಾರೆ, ಆ ವಿಷಯದ ಶಿಕ್ಷಕರ ಹುದ್ದೆ ಎಷ್ಟು ತಿಂಗಳು ಖಾಲಿಯಿತ್ತು ಎಂಬುದನ್ನು ಜೊತೆಯಲ್ಲಿಟ್ಟು ಪರಿಶೀಲಿಸಬೇಕು. ಖಾಲಿ ಹುದ್ದೆಗೆ ಪರಿಹಾರ ಅತಿಥಿ ಶಿಕ್ಷಕರ ನೇಮಕವೇ ಹೊರತು ಆಕ್ಷೇಪಣೆಯಲ್ಲ.

ಆದುದರಿಂದ ಶಾಲಾ ಸಮಿತಿಗಳು ತಮ್ಮ ಸಭೆಯಲ್ಲಿ ದಾಖಲಾದವರು, ಪರೀಕ್ಷೆ ಬರೆದವರು, ಉತ್ತೀರ್ಣರಾದವರು ಎಂಬ ಮೂರು ಸಂಖ್ಯೆಗಳನ್ನೂ ಓದಿ ಹೇಳಿ, ಪರೀಕ್ಷೆಗೆ ಬಾರದ ಪ್ರತಿಯೊಂದು ಮಗುವಿನ ಕಾರಣವನ್ನು ದಾಖಲಿಸಿ, ಪರೀಕ್ಷೆ-2ರ ಅವಕಾಶವನ್ನು ಅನುತ್ತೀರ್ಣರಾದ ಮಕ್ಕಳ ಮನೆಗಳಿಗೆ ತಿಳಿಸಬೇಕೆಂದು ಕೋರಲಾಗಿದೆ.