ಬರೀ ದರ ಕೇಳಿ ಹೋದವರ ಲೆಕ್ಕ

ಉತ್ತರ ಕಣ್ಣೆದುರಿಗೇ ಇತ್ತು, ಪ್ರಶ್ನೆ ಕಳೆದುಹೋಗಿತ್ತು. ಹಿಂದೆ ಕೆಲಸಕ್ಕಿದ್ದ ಕಚೇರಿಯೊಂದರಲ್ಲಿ ನಡೆದದ್ದು. ಹತ್ತು ತಿಂಗಳ ಹಿಂದೆ ನಾನೇ ತೆಗೆದುಕೊಟ್ಟ ಅಂಕಿಯೊಂದು ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಕೂತಿತ್ತು. ‘ಇದನ್ನು ಹೇಗೆ ತೆಗೆದಿರಿ?’ ಎಂದು ಮೇಲಿನವರು ಕೇಳಿದರು. ಡೇಟಾಬೇಸನ್ನು ಪ್ರಶ್ನಿಸಲು ಬರೆದ ಅರವತ್ತು ಸಾಲಿನ ಕ್ವೆರಿ ಅದು. ಬ್ರೌಸರಿನ ಟ್ಯಾಬಿನಲ್ಲಿ ಬರೆದು, ಓಡಿಸಿ, ಹೆಸರಿಟ್ಟು ಉಳಿಸದೆ ಎದ್ದುಹೋಗಿದ್ದೆ. ಟೇಬಲ್‌ಗಳಲ್ಲಿ ಒಂದು ಸಾಲೂ ಕದಲಿರಲಿಲ್ಲ. ಅವನ್ನು ಏನು ಕೇಳಿದ್ದೆ ಎಂಬುದು ಮಾತ್ರ ನೆನಪಿರಲಿಲ್ಲ.

ಆಗ ನೆನಪಾದದ್ದು ನಮ್ಮೂರ ಜವಳಿ ಅಂಗಡಿಯ ಗುಮಾಸ್ತರು. ಕಿರ್ದಿ ಬರೆಯದೆ ಅವರು ಖಾತೆ ಪುಸ್ತಕ ಮುಟ್ಟುತ್ತಿರಲಿಲ್ಲ. ದಿನದ ಕೊಡು–ಕೊಳ್ಳು ಮೊದಲು ಕಿರ್ದಿಗೆ, ಅಲ್ಲಿಂದ ಅವರವರ ಖಾತೆಗೆ. ಖಾತೆಗೆ ಗೆದ್ದಲು ಹಿಡಿದರೂ ಕಿರ್ದಿ ನೋಡಿ ಮತ್ತೆ ಕಟ್ಟಬಹುದಿತ್ತು. ಆದರೆ ಹತ್ತು ಸೀರೆ ಬಿಚ್ಚಿಸಿ, ಬರೀ ದರ ಕೇಳಿ ಎದ್ದುಹೋದವರ ಹೆಸರು ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ. ಕಾಸು ಕೈಬದಲಾಗಿಲ್ಲ, ಬರೆಯುವುದೇನನ್ನು?

ಡೇಟಾಬೇಸ್ ಕಟ್ಟಿದವರು ಹಿಡಿದದ್ದೂ ಗುಮಾಸ್ತರ ದಾರಿಯನ್ನೇ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನೆಲ್ಲ ಟೇಬಲ್‌ಗಳಾಗಿ ಜೋಡಿಸಬಹುದೆಂದು ತೋರಿಸಿದರು. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವನ್ನು ಪ್ರಶ್ನಿಸಲು ‘ಸೀಕ್ವೆಲ್’ ಎಂಬ ಭಾಷೆ ಹೊಸೆದರು. ಆ ಹೆಸರಿನ ಹಕ್ಕು ಬೇರೆ ಕಂಪನಿಯದಾಗಿದ್ದರಿಂದ ಅದು ಮುಂದೆ ಎಸ್‌ಕ್ಯುಎಲ್ ಆಯಿತು. ಕರೆಂಟು ಹೋದರೂ ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವುದು ಅಂದಿನವರ ದೊಡ್ಡ ತಲೆನೋವು. ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆ, ಆಮೇಲೆ ಟೇಬಲ್ ಮುಟ್ಟು ಎಂಬುದು ಅದಕ್ಕೆ ಸಿಕ್ಕ ಮದ್ದು. ಮದರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ವಿಧಾನ ಈ ಕಿರ್ದಿಶಾಸ್ತ್ರವನ್ನು ಪಕ್ಕಾ ಮಾಡಿತು. ಆದರೆ ಬದಲಾವಣೆಗಳನ್ನು ಬರೆದಿಡುವ ಆ ಲಾಗ್‌ನಲ್ಲಿ ಸುಮ್ಮನೆ ಓದಿ ಹೋಗುವ ‘ಸೆಲೆಕ್ಟ್’ ಕ್ವೆರಿಗೆ ಜಾಗವಿರಲಿಲ್ಲ. ಅದು ದರ ಕೇಳಿ ಹೋದ ಗಿರಾಕಿ.

ಈ ಕಥೆಯಲ್ಲಿ ನನಗೆ ಅಚ್ಚುಮೆಚ್ಚಿನವರು ಜಿಮ್ ಗ್ರೇ. ಐಬಿಎಂನಲ್ಲಿದ್ದಾಗ ಈ ಕಿರ್ದಿಯ ಶಿಸ್ತನ್ನು ರೂಪಿಸಿದವರಲ್ಲಿ ಮುಂಚೂಣಿಯವರು. ಅಂಥ ಕೆಲಸಗಳಿಗಾಗಿಯೇ 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಆ ಹೊತ್ತಿಗೆ ಮೈಕ್ರೋಸಾಫ್ಟ್ ಸೇರಿದ್ದ ಅವರು ಖಗೋಳದವರ ಸಹವಾಸಕ್ಕೆ ಬಿದ್ದಿದ್ದರು. ನ್ಯೂ ಮೆಕ್ಸಿಕೊದ ಬೆಟ್ಟವೊಂದರ ಮೇಲೆ ಎರಡೂವರೆ ಮೀಟರ್ ದೂರದರ್ಶಕವೊಂದು ಆಕಾಶವನ್ನು ತುಂಡುತುಂಡಾಗಿ ಅಳೆಯುತ್ತಿತ್ತು. ಅದೇ ಸ್ಲೋನ್ ಆಕಾಶ ಸಮೀಕ್ಷೆ. ಆ ರಾಶಿಯನ್ನು ಡೇಟಾಬೇಸ್‌ಗೆ ಇಳಿಸಲು ಹೆಣಗುತ್ತಿದ್ದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸ್ ಸಾಲೈ. ಹಂಗೇರಿಯಲ್ಲಿದ್ದಾಗ ರಾಕ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ವಿಜ್ಞಾನಿ ಇವರು.

ಗ್ರೇ ಬಂದವರೇ ಟೇಬಲ್ ಕಟ್ಟಲು ಕೂರಲಿಲ್ಲ. ‘ನೀವು ಕೇಳಬೇಕೆಂದಿರುವ ಇಪ್ಪತ್ತು ಪ್ರಶ್ನೆ ಬರೆದುಕೊಡಿ’ ಎಂದು ಖಗೋಳ ವಿಜ್ಞಾನಿಗಳ ಮುಂದೆ ಕೂತರು. ಐದಾದರೆ ಸಾಲದು, ನೂರಾದರೆ ದಿಕ್ಕು ತಪ್ಪುತ್ತದೆ ಎಂಬುದು ಅವರ ಲೆಕ್ಕ. ಕ್ಷುದ್ರಗ್ರಹ ಹುಡುಕುವುದು ಹೇಗೆ, ಒಂದೇ ಬಣ್ಣದ ಎರಡು ಕಾಯಗಳು ಅಕ್ಕಪಕ್ಕ ಕಂಡರೆ ಅದು ಬೆಳಕು ಬಾಗಿ ಮೂಡಿದ ಜೋಡಿ ಬಿಂಬವೇ ಎಂಬಂಥ ಪ್ರಶ್ನೆಗಳು ಬಂದವು. ಅವಕ್ಕೆ ಉತ್ತರ ಕೊಡುವಂತೆ ಡೇಟಾಬೇಸ್ ಎದ್ದಿತು.

2001ರ ಜೂನ್‌ನಲ್ಲಿ ‘ಸ್ಕೈಸರ್ವರ್’ ಎಲ್ಲರಿಗೂ ತೆರೆಯಿತು. ಶಾಲೆಯ ಮಕ್ಕಳೂ ಅದರಲ್ಲಿ ಎಸ್‌ಕ್ಯುಎಲ್ ಬರೆದು ಆಕಾಶವನ್ನು ಕೇಳಬಹುದಿತ್ತು. ಬಂದ ಪ್ರಶ್ನೆಗಳನ್ನು ಇಲ್ಲಿ ಎಸೆಯಲಿಲ್ಲ. ಮೊದಲ ಐದು ವರ್ಷದ ಲೆಕ್ಕವನ್ನು ಗ್ರೇ, ಸಾಲೈ ಮತ್ತು ಜೊತೆಗಾರರು ವರದಿ ಮಾಡಿದರು: ಹತ್ತು ಲಕ್ಷ ಮಂದಿ ಬಂದುಹೋಗಿದ್ದರು, 1.6 ಕೋಟಿ ಕ್ವೆರಿಗಳನ್ನು ತಾವೇ ಬರೆದು ಕೇಳಿದ್ದರು. ಆ ಪ್ರಶ್ನೆಗಳ ಲಾಗ್ ಕೂಡ ಸಾರ್ವಜನಿಕ, ಯಾರು ಬೇಕಾದರೂ ಓದಬಹುದು. ದರ ಕೇಳಿ ಹೋದವರಿಗೂ ಒಂದು ಪುಸ್ತಕ ಹಾಕಿದ ಅಂಗಡಿ ಇದು.

ವರದಿ ಹೊರಬಿದ್ದ ಸುಮಾರಿಗೇ, 2007ರ ಜನವರಿ 28ರಂದು, ತಾಯಿಯ ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡಲು ಗ್ರೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಫ್ಯಾರಲಾನ್ ದ್ವೀಪಗಳತ್ತ ಒಬ್ಬರೇ ಹಾಯಿದೋಣಿ ಬಿಟ್ಟರು. ಮರಳಿ ಬರಲಿಲ್ಲ. ಕರಾವಳಿ ಪಡೆ ಹುಡುಕಿತು. ಗೆಳೆಯರು ಉಪಗ್ರಹ ಚಿತ್ರಗಳನ್ನು ತರಿಸಿ, ತುಂಡು ಮಾಡಿ ಹಂಚಿದರು. ಸಾವಿರಾರು ಅಪರಿಚಿತರು ಮನೆಯಲ್ಲಿ ಕೂತು ನೀಲಿ ನೀರಿನಲ್ಲಿ ಬಿಳಿ ಚುಕ್ಕಿಯೊಂದನ್ನು ಅರಸಿದರು. ದೋಣಿಯ ಒಂದು ಹಲಗೆಯೂ ಸಿಗಲಿಲ್ಲ. ಕಳೆದುಹೋದದ್ದನ್ನು ಮರಳಿ ಕಟ್ಟುವ ವಿದ್ಯೆ ಕಲಿಸಿದವರ ಕೊನೆಯ ಪಯಣಕ್ಕೆ ಲಾಗ್ ಇಲ್ಲ.

ಅತ್ತ ಸ್ಕೈಸರ್ವರ್ ಪ್ರಶ್ನೆಗಳನ್ನು ಕಾಯ್ದಿಡುತ್ತಿದ್ದ ಆ ವರ್ಷಗಳಲ್ಲಿ ನಮ್ಮಂಥ ಸಾಮಾನ್ಯರ ಪ್ರಶ್ನೆಗಳು ಉಳಿದದ್ದು ನಮ್ಮ ನಮ್ಮ ಮೇಜಿನ ಯಂತ್ರದಲ್ಲೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಕಪ್ಪು ಪರದೆಯಲ್ಲಿ ಟೈಪಿಸಿದ್ದೆಲ್ಲ ಹಿಸ್ಟರಿ ಕಡತವೊಂದಕ್ಕೆ ತಾನಾಗಿ ಸೇರುತ್ತಿತ್ತು. ಮೇಲ್ಬಾಣದ ಕೀಲಿ ಒತ್ತುತ್ತ ಹೋದರೆ ನಿನ್ನೆ ಮೊನ್ನೆಯ ಕ್ವೆರಿಗಳು ಒಂದೊಂದಾಗಿ ಎದ್ದುಬರುತ್ತಿದ್ದವು. ಕ್ಲೌಡ್ ಬಂದ ಮೇಲೆ ಬರೆಯುವ ಜಾಗ ಬ್ರೌಸರಿಗೆ ಹೋಯಿತು. ಆ ಬಡ ಕಡತ ಹಾಗೇ ಮರೆಯಾಯಿತು.

ಆದರೆ ಕ್ಲೌಡ್ ಅಂಗಡಿಯ ಪದ್ಧತಿಯೇ ಬೇರೆ. ಇಲ್ಲಿ ದರ ಕೇಳುವುದಕ್ಕೂ ದುಡ್ಡು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸ್ನೋಫ್ಲೇಕ್, ಕ್ವೆರಿ ಓಡಿಸುವ ಯಂತ್ರಕ್ಕೆ ಸೆಕೆಂಡಿನ ಲೆಕ್ಕದಲ್ಲಿ ಬಾಡಿಗೆ ಹಾಕುತ್ತದೆ. ಗೂಗಲ್‌ನ ಬಿಗ್‌ಕ್ವೆರಿ, ತಡಕಿದ ಬೈಟುಗಳನ್ನು ಎಣಿಸಿ ಬಿಲ್ ಮಾಡುತ್ತದೆ. ಬಿಲ್ ಇದ್ದ ಮೇಲೆ ಕಿರ್ದಿ ಬೇಕೇ ಬೇಕು. ಯಾರು, ಯಾವಾಗ, ಎಷ್ಟು ಹೊತ್ತು, ಏನು ಕೇಳಿದರು ಎಂಬುದೆಲ್ಲ ದಾಖಲಾಗತೊಡಗಿತು. ಸುಮಾರು ನಲವತ್ತು ವರ್ಷ ಲೆಕ್ಕಕ್ಕಿಲ್ಲದ ಗಿರಾಕಿ ಕಡೆಗೂ ಪುಸ್ತಕ ಸೇರಿದ.

ಹಾಗಾಗಿ ಕಳೆದ ಕ್ವೆರಿ ಹುಡುಕುವವರು ಮೊದಲು ನೋಡಬೇಕಾದದ್ದು ಕ್ಯಾಲೆಂಡರನ್ನು. ಸ್ನೋಫ್ಲೇಕ್‌ನ ಹಿಸ್ಟರಿ ಪುಟದಲ್ಲಿ ಹಿಂದಿನ 14 ದಿನಗಳದ್ದು ಸಿಗುತ್ತದೆ. ಅದಕ್ಕೂ ಹಳೆಯದಾದರೆ ‘ಅಕೌಂಟ್ ಯೂಸೇಜ್’ ಒಳಗಿನ ‘ಕ್ವೆರಿ ಹಿಸ್ಟರಿ’ಯಲ್ಲಿ 365 ದಿನಗಳದ್ದಿದೆ, ಆದರೆ ಅದನ್ನು ತೆರೆಯಲು ಅಡ್ಮಿನ್ ಅನುಮತಿ ಬೇಕು. ಬಿಗ್‌ಕ್ವೆರಿಯಲ್ಲಿ ಗಡುವು 180 ದಿನ. ನಿಮ್ಮ ಹೆಸರು, ಅಂದಾಜು ತಿಂಗಳು, ನೆನಪಿರುವ ಒಂದು ಟೇಬಲ್ ಹೆಸರು ಇಷ್ಟಿದ್ದರೆ ಸಾಕು, ಪಠ್ಯದಲ್ಲಿ ಆ ಪದವಿರುವ ಕ್ವೆರಿಗಳನ್ನೆಲ್ಲ ಹೆಕ್ಕಬಹುದು. ತಮಾಷೆಯೆಂದರೆ, ಹುಡುಕಲು ಬರೆದ ಕ್ವೆರಿಯಲ್ಲೂ ಅದೇ ಪದವಿರುವುದರಿಂದ ಅದೂ ಕಿರ್ದಿ ಸೇರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹುಡುಕಿದರೆ ತಾನೇ ಮೊದಲ ಸಾಲಿನಲ್ಲಿ ನಿಂತಿರುತ್ತದೆ. ಕಳೆದ ಎಮ್ಮೆ ಹುಡುಕಹೊರಟವನಿಗೆ ತನ್ನದೇ ಹೆಜ್ಜೆಗುರುತು ಸಿಕ್ಕಂತೆ.

ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಇದು ಬಿಲ್ಲಿಗೂ ತಪಾಸಣೆಗೂ ಒದಗುವ ಕಿರ್ದಿ, ನೆನಪಿನ ಪುಸ್ತಕವಲ್ಲ. ಬರೆದು, ಓಡಿಸದೆ ಬಿಟ್ಟ ಕರಡು ಅದರಲ್ಲಿಲ್ಲ. ಎಷ್ಟು ಬೈಟು ತಡಕಿದೆ ಎಂಬುದಿದೆ, ಯಾಕೆ ತಡಕಿದೆ ಎಂಬುದಿಲ್ಲ. ಗ್ರೇ ಪ್ರಶ್ನೆಯನ್ನು ಮೊದಲು ಕೇಳಿಸಿಕೊಂಡು ಆಮೇಲೆ ಯಂತ್ರ ಕಟ್ಟಿದರು. ನಾವು ಯಂತ್ರದ ಬಾಡಿಗೆ ಎಣಿಸುತ್ತ, ಪ್ರಶ್ನೆಯನ್ನು ರಸೀದಿಯ ಹಿಂಬದಿಯಲ್ಲಿ ಗೀಚಿಕೊಂಡಿದ್ದೇವೆ.

ನನ್ನ ಕ್ವೆರಿ ಸಿಕ್ಕಿತು. ಅಡ್ಮಿನ್ ಹುಡುಗಿಯೊಬ್ಬಳು ಐದೇ ನಿಮಿಷದಲ್ಲಿ ಹೆಕ್ಕಿಕೊಟ್ಟಳು. ‘ಸರ್, ರಾತ್ರಿ ಹನ್ನೊಂದೂಮುಕ್ಕಾಲಿಗೆ ಓಡಿಸಿದ್ದೀರಿ’ ಎಂದು ನಕ್ಕಳು. ಅರವತ್ತು ಸಾಲೂ ಹಾಗೇ ಇದ್ದವು. ನಲವತ್ತೊಂದನೆಯ ಸಾಲಿನಲ್ಲಿ 17ನೇ ನಂಬರಿನ ಶಾಖೆಯನ್ನು ಲೆಕ್ಕದಿಂದ ಕೈಬಿಟ್ಟಿದ್ದೆ. ಅದನ್ನು ತಿರುಗಿ ಸೇರಿಸಿದರೆ ಅಂಕಿ ಬದಲಾಗುತ್ತಿತ್ತು. ‘ಯಾಕೆ ಸರ್ ಬಿಟ್ಟಿರಿ?’ ಎಂದಳು. ಆ ರಾತ್ರಿ ನನಗೆ ಕಾರಣ ಗೊತ್ತಿದ್ದಿರಬೇಕು.