ಕರೆಂಟ್ ಹೋದಾಗ ಕೇಳಿಸಿದ ಸೊನಾಟ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕಿವಿ ಷಡ್ಜ ಬಿಟ್ಟು ಕದಲುವುದಿಲ್ಲ. ಯಕ್ಷಗಾನದ ಆಟದಲ್ಲಿ ಭಾಗವತರು ಭೈರವಿಯಿಂದ ಮೋಹನಕ್ಕೆ, ಅಲ್ಲಿಂದ ಕಲ್ಯಾಣಿಗೆ ದಾಟಿದರೂ ಹಿನ್ನೆಲೆಯ ಶ್ರುತಿ ಹಿಡಿದ ಮನೆ ಬಿಡದು. ಬಸವರಾಜ ರಾಜಗುರುಗಳ ಶಿಷ್ಯ, ಯಲ್ಲಾಪುರ ಕಡೆಯ ಹಾಸಣಗಿ ಗಣಪತಿ ಭಟ್ಟರು ವಿಲಂಬಿತ ಖಯಾಲನ್ನು ಎಷ್ಟು ಹೊತ್ತು ಬೆಳೆಸಲಿ, ತಂಬೂರಿಯ 'ಸಾ' ಇದ್ದಲ್ಲೇ ಇರುತ್ತದೆ. ಇಂಥ ಕಿವಿ ಹೊತ್ತು ನಾನು ಸೊನಾಟ ಕೇಳಲು ಕೂತೆ. ವರ್ಷಗಟ್ಟಲೆ ಏನೂ ಹತ್ತಲಿಲ್ಲ.

ಸೊನಾಟ ಎಂದರೆ ಇಟಾಲಿಯನ್ನಿನಲ್ಲಿ ನುಡಿಸುವಂಥದ್ದು; ಹಾಡುವಂಥದ್ದು ಕಂಟಾಟ. ಸಾಮಾನ್ಯವಾಗಿ ಮೂರು ನಾಲ್ಕು ಭಾಗಗಳಿರುತ್ತವೆ. ಬೀಥೋವನ್ ಪಿಯಾನೊಗೆಂದೇ ಇಂಥ 32 ಬರೆದ. ನಿಜವಾದ ಜಗ್ಗಾಟ ಹೆಚ್ಚಾಗಿ ಮೊದಲ ಭಾಗದಲ್ಲೇ.

ಒಂದು ಮಳೆಗಾಲದ ಮಧ್ಯಾಹ್ನ ಮೊಜಾರ್ಟ್ 1788ರಲ್ಲಿ ಹೊಸ ಕಲಿಕೆಯವರಿಗೆಂದು ಬರೆದ ಸಿ ಮೇಜರ್ ಸೊನಾಟವನ್ನು ಹಾರ್ಮೋನಿಯಂನಲ್ಲಿ ಹುಡುಕುತ್ತಿದ್ದೆ. ಒಂದು ಕೈ ತಿದಿಗೆ ಹೋಗುವುದರಿಂದ ಬರೀ ರಾಗದ ಎಳೆ. ಪಕ್ಕದಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆ, ಬಿಳಿ ಒಂದಕ್ಕೆ, ಅಂದರೆ ಸಿ ಮನೆಗೆ. ಸಾ, ಗ, ಪ, ಕೆಳಗಿನ ನಿ, ಸ ರೆ ಸ: ಅಪ್ಪಟ ಬಿಲಾವಲ್. ಸ್ವಲ್ಪ ಮುಂದೆ ಎರಡನೆಯ ಧಾಟಿ ಬಂತು, ಜೊತೆಗೆ ತೀವ್ರ ಮಧ್ಯಮವೂ ನುಸುಳಿತು. ಓಹೋ, ಯಮನ್ ಅಂದುಕೊಂಡೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮಳೆಗಾಲ, ಆಶ್ಚರ್ಯವೇನಿಲ್ಲ. ಶ್ರುತಿ ಇಲ್ಲದೆ ಅದನ್ನೇ ಮತ್ತೆ ಒತ್ತಿದರೆ ಯಮನ್ ಮಾಯ! ಅದೂ ಬಿಲಾವಲ್ಲೇ, ಆದರೆ ಬಿಳಿ ಐದರ ಮನೆಯಲ್ಲಿ ಸಂಸಾರ ಹೂಡಿದ್ದು. ಷಡ್ಜವೇ ಗಂಟುಮೂಟೆ ಕಟ್ಟಿಕೊಂಡು ಹೊರಟಿತ್ತು. ಶ್ರುತಿಪೆಟ್ಟಿಗೆ ಅದರ ಸೆರಗು ಹಿಡಿದು ಜಗ್ಗುತ್ತಿತ್ತು, ಅಷ್ಟೇ.

ಆಮೇಲೆ ಕೋಮಲ ಸ್ವರಗಳ ಹಾದಿಯಲ್ಲಿ ಚಿಕ್ಕ ಅಲೆದಾಟ. ನಂತರ ಮೊದಲ ಧಾಟಿ ಮರಳಬೇಕು, ರೂಢಿಯಂತೆ ಬಿಳಿ ಒಂದರಲ್ಲಿ. ಮೊಜಾರ್ಟ್ ಅದನ್ನು ಬಿಳಿ ನಾಲ್ಕರಲ್ಲಿ ತರುತ್ತಾನೆ, ಹೆಬ್ಬಾಗಿಲು ಬಿಟ್ಟು ಕೊಟ್ಟಿಗೆ ಕಡೆಯಿಂದ ಮನೆಯೊಳಗೆ ನುಗ್ಗಿದ ಹಾಗೆ. ಎರಡನೆಯ ಧಾಟಿ ಮಾತ್ರ ಈ ಸಲ ನೆಟ್ಟಗೆ ಬಿಳಿ ಒಂದಕ್ಕೇ ಬರುತ್ತದೆ, ಬೇರೆ ಸೀಮೆಯ ಸೊಸೆ ಈ ಮನೆಯ ಮಾತು ಕಲಿತಂತೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ಪಂಡಿತ ಎ. ಬಿ. ಮಾರ್ಕ್ಸ್ ಮೊದಲ ಧಾಟಿಯನ್ನು ಗಂಡು, ಎರಡನೆಯದನ್ನು ಹೆಣ್ಣು ಎಂದಿದ್ದ. ಈಗ ಹಾಗೆಂದರೆ ಬೈಸಿಕೊಳ್ಳಬೇಕು; ನನ್ನ ಸೊಸೆಯ ಹೋಲಿಕೆಗೂ ಅದೇ ಗತಿ.

ಕರೆಂಟ್ ಬಂದದ್ದು ಮರುದಿನ. ಶ್ರುತಿ ಹಾಕಿ ಆ ಕೊನೆಯ ಸಾಲುಗಳನ್ನಷ್ಟೇ ನುಡಿಸಿದೆ. ಎಲ್ಲೂ ತೊಡರಲಿಲ್ಲ.