ತೆರೆ ಆರಿದ ಮೇಲಿನ ಪಾಠ

ಮಧುಗಿರಿ ಬೆಟ್ಟ ಕಿಟಕಿಯಲ್ಲೇ ಕಾಣುವ ಸರ್ಕಾರಿ ಪ್ರೌಢಶಾಲೆ. ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ಶುರುವಾಗಿದೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ನಾಲ್ಕು ಮೊಬೈಲ್. "ಮಕ್ಕಳು ಫೋನ್ ತರೋ ಹಾಗೇ ಇಲ್ಲ. ಇವು ಮೇಷ್ಟ್ರುಗಳದ್ದು. ತರಗತಿಗೆ ಹೋಗುವಾಗ ಇಲ್ಲೇ ಇಟ್ಟು ಹೋಗ್ತಾರೆ" ಎಂದರು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಜಾಲತಾಣದ ವಿಡಿಯೊ ತೋರಿಸುವ ದಿನ ಮಾತ್ರ ಫೋನ್ ತರಗತಿಯೊಳಗೆ ಹೋಗುತ್ತದಂತೆ. ಮಕ್ಕಳಿಗೆ ಹಾಕಿದ ಕಟ್ಟು ಹಿರಿಯರಿಗೂ ಇರುವುದನ್ನು ಕಂಡು ಮನಸ್ಸಿಗೆ ಹಿತವಾಯಿತು.

ಹಿಂಬದಿಯಲ್ಲಿ ಕಂಪ್ಯೂಟರ್ ಲ್ಯಾಬ್. ಬಾಗಿಲ ಹೊರಗೆ ಚಪ್ಪಲಿಗಳ ಸಾಲು, ಒಳಗೆ ಯುಪಿಎಸ್‌ನ ಗುಂಯ್ ಸದ್ದು. ಹತ್ತು ಕಂಪ್ಯೂಟರ್‌ಗಳೂ ಗೋಡೆಗೆ ಬೆನ್ನು ಕೊಟ್ಟು ಕೂತಿವೆ. ನಡುವೆ ನಿಂತರೆ ಎಲ್ಲ ತೆರೆಗಳೂ ಒಂದೇ ನೋಟಕ್ಕೆ ಸಿಗುತ್ತವೆ. "ಮೊದಲು ಸಾಲಾಗಿ ಹಾಕಿಸಿದ್ವಿ. ನಾನು ಬೋರ್ಡ್ ಹತ್ರ ನಿಂತ್ರೆ ಯಾರು ಏನು ನೋಡ್ತಿದಾರೆ ಗೊತ್ತೇ ಆಗ್ತಿರಲಿಲ್ಲ" ಎಂದರು ಗಣಿತದ ಮೇಡಂ.

ಒಂಬತ್ತನೇ ತರಗತಿಯ ಇಪ್ಪತ್ತು ಮಕ್ಕಳಿದ್ದರು, ಒಂದು ಕಂಪ್ಯೂಟರಿಗೆ ಇಬ್ಬರು. ಆದರೆ ಒಂದೂ ಆನ್ ಆಗಿರಲಿಲ್ಲ. ಎಲ್ಲರ ಕೈಯಲ್ಲೂ ಕೈವಾರ. ಅರ್ಧವೃತ್ತ ಎಳೆದು, ವ್ಯಾಸದ ಎರಡು ತುದಿಗಳನ್ನು ಕಂಸದ ಮೇಲಿನ ಒಂದು ಬಿಂದುವಿಗೆ ಸೇರಿಸಿ, ಅಲ್ಲಿನ ಕೋನ ಅಳೆಯಬೇಕು. ಒಬ್ಬಳಿಗೆ 88 ಡಿಗ್ರಿ ಬಂತು, ಪಕ್ಕದವನಿಗೆ 91. "ನಿಂದು ತಪ್ಪು", "ಇಲ್ಲ, ನಿಂದೇ ತಪ್ಪು." ವಾದ ಕಾವೇರಿದ ಮೇಲೆ ಮೇಡಂ ಸ್ವಿಚ್ ಹಾಕಿಸಿದರು.

ತೆರೆಯಲ್ಲಿ ಜಿಯೋಜಿಬ್ರಾ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಹಾಗಾಗಿ ಈ ಪೀರಿಯಡ್‌ನಲ್ಲಿ ನೆಟ್ ಸಂಪರ್ಕವೇ ಇಲ್ಲ, ಮನಸ್ಸು ಬೇರೆಡೆ ಹರಿಯಲು ದಾರಿಯೂ ಇಲ್ಲ. ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ಪೆನ್ನು ಹಿಡಿಯುತ್ತಾರೆ. ಐದು ನಿಮಿಷಕ್ಕೆ ಅದಲುಬದಲು. 88 ಬಂದಿದ್ದ ಹುಡುಗಿ ಬಿಂದುವನ್ನು ಕಂಸದುದ್ದಕ್ಕೂ ಎಳೆದಳು. ಎಲ್ಲಿ ಬಿಟ್ಟರೂ 90 ಡಿಗ್ರಿ.

"ಮೌಸ್ ಬಿಡಿ!" ಹತ್ತೂ ಮಾನಿಟರ್ ಆರಿದವು. "90 ಅಂತ ಕಂಪ್ಯೂಟರ್ ತೋರಿಸ್ತು. ಯಾಕೆ ಅಂತ ಹೇಳ್ತಾ?" ಇಲ್ಲಿಂದ ಮುಂದಕ್ಕೆ ಸೀಮೆಸುಣ್ಣದ ಕೆಲಸ. ಕೇಂದ್ರದಿಂದ ಆ ಬಿಂದುವಿಗೊಂದು ತ್ರಿಜ್ಯ ಎಳೆದಾಗ ಎರಡು ಸಮದ್ವಿಬಾಹು ತ್ರಿಭುಜಗಳು ಎದ್ದುಬಂದವು. ಉಳಿದದ್ದನ್ನು ಮಕ್ಕಳೇ ಬಿಡಿಸಿದರು.

ಮುಖ್ಯೋಪಾಧ್ಯಾಯರ ಮೇಜಿನ ಡಬ್ಬಿ ನೆನಪಾಯಿತು. ಒಮ್ಮೆ ಗಮನ ಚದುರಿದರೆ ಮತ್ತೆ ಪಾಠಕ್ಕೆ ಮರಳಲು ಮಕ್ಕಳಿಗೆ 20 ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೊದ 2023ರ ಶಿಕ್ಷಣ ವರದಿ ಎಚ್ಚರಿಸಿದೆ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿ ಹದಿನೈದರವರೆಗಿನ ಮಕ್ಕಳ ಶಾಲೆಗಳಲ್ಲಿ ಮೊಬೈಲ್ ಬಳಕೆ ನಿಲ್ಲಿಸಿತು. ನಿಷೇಧ ಬೇಕು, ನಿಜ. ಆದರೆ ಯಂತ್ರವನ್ನು ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು ಎಂಬ ವಿವೇಕವನ್ನು ಯಾವ ಸುತ್ತೋಲೆಯೂ ಕಲಿಸಲಾರದು. ಪ್ರಶ್ನೆ ಹುಟ್ಟಿದ ಮೇಲೆ ತೆರೆ ಬೆಳಗಬೇಕು, ಕಾರಣ ಹುಡುಕುವ ಹೊತ್ತಿಗೆ ಆರಬೇಕು. ಆ ಹದವನ್ನು ಈ ಮೇಡಂ ಕಂಡುಕೊಂಡಿದ್ದಾರೆ.

ಬೆಲ್ ಹೊಡೆಯಿತು. ಹುಡುಗಿ ರಬ್ಬರ್ ಹಿಡಿದು ಬಂದಳು. "ಮೇಡಂ, 88 ಅಳಿಸ್ಲಾ?"

"ಬೇಡಮ್ಮ, ಇರಲಿ. ಎಲ್ಲಿ ಕೈ ಜಾರಿತು ಅಂತ ಪಕ್ಕದಲ್ಲಿ ಬರಿ."

ಅವಳು ಕೋನಮಾಪಕ ತೆಗೆದು, ಅದೇ ಚಿತ್ರದ ಮೇಲೆ ಮತ್ತೊಮ್ಮೆ ಇಟ್ಟು ನೋಡತೊಡಗಿದಳು.